ತಾಳವಾಡಿಯಲ್ಲಿ ಇವತ್ತು ಮಳೆ ಇಲ್ಲ

ಜಗತ್ತಿನಲ್ಲಿ ಒಬ್ಬರಿಗೂ ಬೇಡದ ಸುದ್ದಿಯನ್ನು, ಒಂದು ದಿನವೂ ತಪ್ಪಿಸದೆ, ಇಡೀ ಜಗತ್ತಿಗೆ ತಿಳಿಸುತ್ತಿದ್ದ ಮನುಷ್ಯ ಯಾರಾದರೂ ಇದ್ದರೆ ಅದು ನಮ್ಮ ಸೋದರಮಾವ! ಸುದ್ದಿ ಇಷ್ಟೇ: ತಾಳವಾಡಿಯಲ್ಲಿ ಇವತ್ತು ಮಳೆ ಇಲ್ಲ. ಮಳೆ ಬಂದ ದಿನ, ಇವತ್ತು ಮಳೆ ಇದೆ. ಸೋನೆ ಹಿಡಿದ ದಿನ ಮಾತ್ರ ಪೇಚಿಗೆ ಬೀಳುತ್ತಿದ್ದ. ಅಂಗಳದಲ್ಲಿ ಅಂಗೈ ಚಾಚಿ ನಿಂತು, ಎಷ್ಟು ಹನಿ ಬಿದ್ದರೆ ಅದನ್ನು ಮಳೆ ಎನ್ನಬಹುದು ಎಂದು ತನ್ನೊಳಗೇ ವಾದ ಹೂಡಿ, ಕಡೆಗೆ ‘ಇದೆ ಎನ್ನುವಷ್ಟಿಲ್ಲ’ ಎಂದು ಬರೆಯುತ್ತಿದ್ದ. ಇಷ್ಟು ಬರೆಯಲು ಅವನಿಗೊಂದು ವೆಬ್‌ಸೈಟು!

ಅದೂ ಬರೆಯುತ್ತಿದ್ದದ್ದು ತಮಿಳಿನಲ್ಲಿ. ನಮ್ಮ ತಾಳವಾಡಿ ಕರ್ನಾಟಕದ ಗಡಿಗೆ ತಾಗಿದ, ತಮಿಳುನಾಡಿನ ಬೆಟ್ಟದೂರು. ಆಗಿನ ಕಂಪ್ಯೂಟರಿಗೆ ನಮ್ಮ ಅಕ್ಷರಗಳನ್ನು ತಿನ್ನಿಸುವುದು ಕಷ್ಟವಿತ್ತು, ಆದ್ದರಿಂದ ಇಂಗ್ಲಿಷ್ ಅಕ್ಷರದಲ್ಲಿ ತಮಿಳು: ‘ಇನ್ನೈಕ್ಕಿ ಮಳೈ ಇಲ್ಲೈ.’ ನಮ್ಮವ್ವ ಅವನಿಗೆ ಅಕ್ಕ. ಅವಳು ಕೇಳುವಷ್ಟು ದಿನ ಕೇಳಿದಳು.

“ಮನೇಲಿ ಆಡೋದು ಕನ್ನಡ. ಅದ್ಯಾಕ್ಲಾ ತಮಿಳಲ್ಲಿ ಬರ್ದೀಯೆ?”

“ಕೇಳೋರು ತಮಿಳೋರು ಕಣಕ್ಕ,” ಎನ್ನುತ್ತಿದ್ದ ಮಾವ. ಯಾರು ಕೇಳುವವರು? ಒಬ್ಬರೂ ಕೇಳಿದ್ದನ್ನು ನಾವು ಕಂಡಿರಲಿಲ್ಲ.

ಎರಡು ಸಾವಿರದ ಆಚೀಚಿನ ಕಾಲ ಅದು. ತಾಳವಾಡಿಯ ಬಸ್ ಸ್ಟ್ಯಾಂಡಿನ ಹತ್ತಿರ ನಾನು ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದೆ. ಆರು ಟೈಪ್‌ರೈಟರುಗಳ ನಡುವೆ ಒಂದು ಕಂಪ್ಯೂಟರ್ ತಂದಿಟ್ಟು, ಬೋರ್ಡಿನ ಮೇಲೆ ‘ಇಂಟರ್‌ನೆಟ್’ ಎಂದು ಬರೆಸಿದ ದಿನದಿಂದ ಊರಿನಲ್ಲಿ ನನ್ನ ತೂಕ ಹೆಚ್ಚಿತ್ತು. ಒಂದು ಪುಟ ತೆರೆಯಲು ಒತ್ತಿ, ಎದುರಿನ ಅಂಗಡಿಗೆ ಹೋಗಿ ಟೀ ಕುಡಿದು, ಲೋಟ ತೊಳೆದಿಟ್ಟು ಬಂದರೆ ಅರ್ಧ ಪುಟ ತೆರೆದಿರುತ್ತಿತ್ತು. ಬೆಳಿಗ್ಗೆ ಎಂಟೂವರೆಗೆ ಮಾವ ಬರುತ್ತಿದ್ದ. ಚಪ್ಪಲಿ ಹೊರಗೆ ಬಿಟ್ಟು, ಕೈ ತೊಳೆದು, ಕಂಪ್ಯೂಟರಿನ ಮುಂದೆ ಕುಳಿತು, ಮೊದಲು ಹೆಡ್‌ಫೋನ್ ಹಾಕಿಕೊಳ್ಳುತ್ತಿದ್ದ. ಅದರ ವಯರು ಎಲ್ಲಿಗೂ ಸಿಕ್ಕಿಸಿರುತ್ತಿರಲಿಲ್ಲ!

“ಮಾವ, ಅದ್ರಲ್ಲಿ ಏನೂ ಕೇಳಲ್ಲ.”

“ಗೊತ್ತು ಕಣವ್ವಾ. ಕಿವಿ ಬರೀದಾಗಿದ್ರೆ ನಂಗೆ ಕೈ ಓಡಲ್ಲ.”

ಓಡುವುದಾದರೂ ಹೇಗೆ? ಇಪ್ಪತ್ತಾರು ವರ್ಷ ಅವನು ತಾಳವಾಡಿ ಟೆಲಿಫೋನ್ ಎಕ್ಸ್‌ಚೇಂಜಿನ ಆಪರೇಟರ್ ಆಗಿದ್ದವನು. ಆ ಕಾಲದಲ್ಲಿ ನಮ್ಮ ಬೆಟ್ಟದಿಂದ ಹೊರಕ್ಕೆ ಹೋಗುವ, ಹೊರಗಿಂದ ಬರುವ ಪ್ರತಿ ಮಾತೂ ಮಾವ ಬೋರ್ಡಿನ ತೂತುಗಳಿಗೆ ಸಿಕ್ಕಿಸುತ್ತಿದ್ದ ವಯರಿನ ಹಗ್ಗಗಳ ಮೂಲಕವೇ ಹಾಯಬೇಕಿತ್ತು. ಜೀರಹಳ್ಳಿಯಿಂದ ಯಾರೋ ಈರೋಡಿಗೆ ಮಾತಾಡಬೇಕೆಂದರೆ, ಮಾವ ಅಲ್ಲಿಂದ ಇಲ್ಲಿಗೆ ಹಗ್ಗ ಸಿಕ್ಕಿಸಿ, “ಲೈನ್ ಸಿಕ್ತು, ಮಾತಾಡಿ” ಎಂದು ಸರಿದುಕೊಳ್ಳುತ್ತಿದ್ದ. ಸರಿದುಕೊಳ್ಳುತ್ತಿದ್ದ ಎಂದು ಅವನೇ ಹೇಳುತ್ತಿದ್ದದ್ದು. ಆದರೆ ಮಾತು ಮುಗಿಸಿ ಫೋನ್ ಇಡುವವರಿಗೆ ನಡುವಿನಿಂದ ದನಿಯೊಂದು, “ನಿಮ್ಮವ್ವಂಗೆ ಔಸ್ದಿ ತರೋಕೆ ಏಳೋದ ಮರ್ತ್ರಲ್ಲ!” ಎಂದು ನೆನಪಿಸಿದ್ದನ್ನು ಊರಿನ ಅರ್ಧ ಜನ ಕೇಳಿದ್ದಾರೆ. ಕದ್ದು ಕೇಳ್ತೀಯಲ್ಲ ಮಾವ ಎಂದರೆ, “ಕೇಳಲ್ಲ ಕಣವ್ವಾ, ಕಿವಿಗೆ ಬೀಳ್ತದೆ” ಎಂದು ಮುಖ ಸಿಂಡರಿಸುತ್ತಿದ್ದ.

ಇಷ್ಟು ಜನರ ಮಾತು ಕೂಡಿಸಿದವನಿಗೆ ತಾನು ಫೋನಿನಲ್ಲಿ ಮಾತಾಡಲು ಮಾತ್ರ ಬರುತ್ತಿರಲಿಲ್ಲ. ಟ್ರಂಕ್ ಕಾಲಿಗೆ ದರ ಮೂರು ಮೂರು ನಿಮಿಷದ ಲೆಕ್ಕ; ಆ ಮೂರು ನಿಮಿಷವಾದರೆ ಸಾಕು, ಆ ಕಡೆ ಅಕ್ಕ ಅಳುತ್ತಿದ್ದರೂ “ಮೂರು ನಿಮ್ಸ ಆಯ್ತು” ಎಂದು ಇಟ್ಟುಬಿಡುತ್ತಿದ್ದ. ಮದುವೆ ಮಾಡಿಕೊಳ್ಳಲಿಲ್ಲ. ಹೆಣ್ಣು ನೋಡಲು ಕರೆದಾಗಲೆಲ್ಲ “ಡ್ಯೂಟಿ ಅದೆ” ಎಂದ. ಆಮೇಲೆ ಎಕ್ಸ್‌ಚೇಂಜಿಗೆ ತಾನೇ ನಡೆಯುವ ಯಂತ್ರ ಬಂದು, ಜನ ನಂಬರು ಒತ್ತಿ ನೇರವಾಗಿ ಮಾತಾಡತೊಡಗಿದಾಗ ಡ್ಯೂಟಿಯೂ ಉಳಿಯಲಿಲ್ಲ. ನಿವೃತ್ತಿಯಾಗಿ ಮನೆಗೆ ಬಂದವನು ದಿನಕ್ಕೆ ನಾಲ್ಕೈದು ಸಲ ಫೋನ್ ಎತ್ತಿ, ಅದರ ಗುಂಯ್ ಎನ್ನುವ ಸದ್ದನ್ನು ಸ್ವಲ್ಪ ಹೊತ್ತು ಕೇಳಿ, “ಬದುಕದೆ” ಎಂದು ಇಟ್ಟುಬಿಡುತ್ತಿದ್ದ. ಯಾರಿಗೂ ಮಾಡುತ್ತಿರಲಿಲ್ಲ, ಅವನಿಗೂ ಯಾರದೂ ಬರುತ್ತಿರಲಿಲ್ಲ.

ಆ ಸದ್ದು ಕೇಳಲಾರದೆ ನಾನೇ ಅವನನ್ನು ಇನ್‌ಸ್ಟಿಟ್ಯೂಟಿಗೆ ಕರೆತಂದು ಕೂರಿಸಿದ್ದು. ಯಾರು ಬೇಕಾದರೂ ಪುಕ್ಕಟೆಯಾಗಿ ವೆಬ್‌ಸೈಟು ಮಾಡಿಕೊಳ್ಳಬಹುದು ಎಂದು ತೋರಿಸಿದೆ. ಏನು ಹಾಕೋಣ ಮಾವ, ದೇವಸ್ಥಾನದ ಫೋಟೋ ಹಾಕೋಣವಾ ಎಂದೆ. “ಮಳೆ ಅದಾ ಇಲ್ವಾ ಅಂತ ಆಕು” ಎಂದ. ಸರಿ, ಹುಚ್ಚು ಬಿಡಲಿ ಎಂದು ಹಾಕಿಕೊಟ್ಟೆ. ಹುಚ್ಚು ಅಲ್ಲಿಂದ ಹಿಡಿಯಿತು! ಮಾರನೆಯ ದಿನದಿಂದ ಅವನದು ಒಂದೇ ವ್ರತ. ಹುಡುಕುವ ಸೈಟು ತೆರೆದು, ಇಂಗ್ಲಿಷಿನಲ್ಲಿ ‘ತಾಳವಾಡಿ’ ಎಂದು ಹೊಡೆದು, ತನ್ನ ಸೈಟು ಎಷ್ಟನೆಯದಾಗಿ ಬರುತ್ತದೆಂದು ನೋಡುವುದು.

“ಮೊದಲ್ನೇದಾಗಿ ಬರ್ಬೇಕು ಕಣವ್ವಾ.”

“ಬರೀ ಊರಿನ ಎಸ್ರಲ್ಲಿ ಮೊದಲು ಬರೋದು ಕಷ್ಟ ಮಾವ. ತಾಳವಾಡಿ ಮಳೆ, ತಾಳವಾಡಿ ಹವಾಮಾನ ಅಂತ ಹುಡುಕಿದ್ರೆ ಈಗ್ಲೇ ನಿಂದೇ ಮೊದಲು.”

“ಅದಾಗಲ್ಲ. ಆಯಮ್ಮಂಗೆ ಗೊತ್ತಿರೋದು ಅದೊಂದೇ ಎಸ್ರು.”

ಹೇಳಿದ ಮೇಲೆ ಹೆಡ್‌ಫೋನ್ ಸರಿಮಾಡಿಕೊಂಡು ಗೋಡೆ ನೋಡತೊಡಗಿದ. ಆಯಮ್ಮ? ಐವತ್ತೊಂಬತ್ತು ವರ್ಷದ ನಮ್ಮ ಮಾವನ ಬಾಯಲ್ಲಿ ಆಯಮ್ಮ! ಟೈಪ್ ಕಲಿಯಲು ಬಂದಿದ್ದವರನ್ನೆಲ್ಲ ಅವತ್ತು ಬೇಗ ಮನೆಗೆ ಕಳಿಸಿದೆ. ಎರಡು ಟೀ ತರಿಸಿದೆ. ಇಷ್ಟಿಷ್ಟೇ ಬಾಯಿ ಬಿಡಿಸಿದೆ.

ಕತೆ ದೊಡ್ಡದೇನಲ್ಲ. ಸತ್ಯಮಂಗಲದ ಎಕ್ಸ್‌ಚೇಂಜಿನಲ್ಲಿ ಒಬ್ಬ ಆಪರೇಟರ್ ಇದ್ದರು, ಹೆಂಗಸು. ಅಲ್ಲಿಂದ ನಮ್ಮೂರಿಗೆ ಬರುವ ತಂತಿ ಘಾಟಿ ಹತ್ತಿ, ಕಾಡಿನೊಳಗೆ ಹಾದು ಬರುತ್ತಿತ್ತು. ಮಳೆ ಬಿದ್ದರೆ ಮರ ಬಿದ್ದು ಲೈನು ಹೋಗುವುದು. ಹಾಗಾಗಿ ಬೆಳಿಗ್ಗೆ ಎಂಟೂವರೆಗೆ ಆಕೆ ಲೈನ್ ಎತ್ತಿ ಕೇಳುತ್ತಿದ್ದರಂತೆ, “ತಾಳವಾಡಿ, ಅಂಗ ಮಳೈಯಾ?” ಅಲ್ಲಿ ಮಳೆಯಾ ಎಂದು. ಇವನು ಹೇಳುತ್ತಿದ್ದ, “ಮಳೈ ಇಲ್ಲೈ ಮೇಡಂ.” ಆಪರೇಟರುಗಳು ಪರಸ್ಪರ ಹೆಸರು ಹೇಳಿಕೊಳ್ಳುತ್ತಿರಲಿಲ್ಲ, ಊರೇ ಹೆಸರು. ಆಕೆಗೆ ಇವನು ತಾಳವಾಡಿ. ಹನ್ನೊಂದು ವರ್ಷ ಇದೇ ಪ್ರಶ್ನೆ, ಇದೇ ಉತ್ತರ!

“ಅಷ್ಟೇನಾ?” ಎಂದೆ.

“ಅಷ್ಟೇ.”

“ಮಾವ, ಅದು ಕೆಲಸದ ಪ್ರಶ್ನೆ ಅಲ್ವಾ?”

“ಕೆಲ್ಸದ್ದೇ ಕಣವ್ವಾ. ನಾನೂ ಅಂಗೇ ಅಂದ್ಕಂಡಿದ್ದಿ. ಆದ್ರೆ ಒಸ ಮಿಸೀನು ಬಂತಲ್ಲ, ತಂತಿ ಎಲ್ಲ ಕಿತ್ತಾಕುದ್ರು, ಮಳೆ ಬಂದ್ರೂ ಲೈನು ಓಗೋ ಅಂಗಿಲ್ಲ. ಆ ಕಡೇ ದಿನಾನೂ ಎತ್ತಿ ಕೇಳುದ್ರು, ತಾಳವಾಡಿ, ಅಂಗ ಮಳೈಯಾ ಅಂತ. ಅವತ್ತು ಯಾತಕ್ಕೆ ಕೇಳ್ಬೇಕಾಗಿತ್ತು? ಏಳು ನೋಡಾನ?”

ಅವತ್ತು ಇವನಿಗೇ ಅದು ಹೊಳೆದಿರಲಿಲ್ಲವಂತೆ. “ಇಲ್ಲೈ ಮೇಡಂ” ಎಂದು, ಮೂರು ನಿಮಿಷಕ್ಕಿಂತ ಎಷ್ಟೋ ಮುಂಚೆಯೇ ಇಟ್ಟುಬಿಟ್ಟಿದ್ದ. ಆಮೇಲೆ ಬಸ್ಸು ಹತ್ತಿ ಸತ್ಯಮಂಗಲಕ್ಕೆ ಹೋಗಿ ಕೇಳಿದರೆ, ಆಕೆಗೆ ವರ್ಗವಾಗಿತ್ತು. ಎಲ್ಲಿಗೆಂದು ಹೇಳುವವರಿಲ್ಲ, ಹೆಸರು ಗೊತ್ತಿಲ್ಲದವನಿಗೆ ಕೇಳಲೂ ಬರುವುದಿಲ್ಲ. ಈಗ ಆಕೆ ಎಲ್ಲೋ ಒಂದು ಕಡೆ ಕಂಪ್ಯೂಟರಿನ ಮುಂದೆ ಕುಳಿತಾಗ ಹಳೆಯದು ನೆನಪಾಗಿ ಹುಡುಕಿದರೆ, ಹುಡುಕಬಹುದಾದದ್ದು ಒಂದೇ ಪದ. ಆ ಪದಕ್ಕೆ ಮೊದಲು ಸಿಗುವುದು ತಾನಾಗಿರಬೇಕು. ಮಾವನ ಲೆಕ್ಕ ಇಷ್ಟು. ನಗಬೇಕೆಂದೇ ಟೀ ತರಿಸಿದ್ದವಳು ನಾನು. ಲೋಟ ತೊಳೆಯುವ ನೆಪದಲ್ಲಿ ಎದ್ದು ಹೋದೆ.

ಅಲ್ಲಿಂದ ಈ ಮೊದಲ ಸ್ಥಾನದ ಯುದ್ಧದಲ್ಲಿ ನಾನೂ ಸೇರಿಕೊಂಡೆ. ಬೇರೆಯವರ ಸೈಟುಗಳಲ್ಲಿ ನಿಮ್ಮ ಸೈಟಿನ ಲಿಂಕ್ ಇದ್ದಷ್ಟೂ ನಿಮಗೆ ಮೇಲಿನ ಸ್ಥಾನ ಎಂದು ಎಲ್ಲೋ ಓದಿ, ಅವನಿಗೆ ಹೇಳಿದೆ. ಹೇಳಬಾರದಾಗಿತ್ತು! ಮಾವನ ಮುಖ ಅರಳಿತು.

“ಇದು ನಮ್ ಮುಯ್ಯಾಳಲ್ವಾ ಮೊಗ!”

ನಮ್ಮ ಕಡೆ ಹೊಲಕ್ಕೆ ಕಳೆ ಬಂದರೆ ಕೂಲಿ ಕೊಟ್ಟು ಆಳು ಕರೆಯುವುದಕ್ಕಿಂತ ಮೊದಲು ಮುಯ್ಯಿ ಕರೆಯುತ್ತಾರೆ. ಇವತ್ತು ಬೀದಿಯವರೆಲ್ಲ ನನ್ನ ಹೊಲಕ್ಕೆ ಬಂದು ಕಳೆ ಕಿತ್ತರೆ, ನಾಳೆ ನಾನು ಅವರವರ ಹೊಲಕ್ಕೆ ಹೋಗಿ ಬಗ್ಗಬೇಕು. ಬಂದವರ ಹೊಲಕ್ಕೆ ಹೋಗದವನು ಊರಿನಲ್ಲಿ ತಲೆ ಎತ್ತಿ ತಿರುಗುವ ಹಾಗಿಲ್ಲ. ಮಾವ ಈ ನೀತಿಯನ್ನು ಎತ್ತಿ ಇಂಟರ್‌ನೆಟ್ಟಿನ ಮೇಲೆ ಹಾಕಿದ. ಕಂಡ ಕಂಡ ಸೈಟಿನವರಿಗೆ ಇ-ಮೇಲ್ ಬರೆದ: ‘ಸ್ವಾಮಿ, ನಾನು ನಿಮ್ಮ ಹೊಲಕ್ಕೆ ಬರುತ್ತೇನೆ, ನೀವು ನಮ್ಮ ಹೊಲಕ್ಕೆ ಬನ್ನಿ.’ ಇದನ್ನು ಅವನು ಇಂಗ್ಲಿಷಿನಲ್ಲಿ ಹೊಲ ಎಂದೇ ಬರೆದಿದ್ದರಿಂದ ಒಬ್ಬ ಪುಣ್ಯಾತ್ಮ ಟ್ರ್ಯಾಕ್ಟರಿನ ಬೆಲೆಪಟ್ಟಿ ಕಳಿಸಿದ. ಉಳಿದವರು ಮಾತ್ರ ಓಡೋಡಿ ಬಂದರು. ತಲೆಗೂದಲು ಬೆಳೆಸುವ ಎಣ್ಣೆಯವರು, ಮೊಬೈಲಿಗೆ ಹಾಡು ಹಾಕಿಕೊಡುವವರು, ಯಾವುದೋ ದೇಶದ ಇಸ್ಪೀಟು ಆಟದವರು, ಗಂಡಸರ ಶಕ್ತಿ ಮಾತ್ರೆಯವರು! ಬಂದವರ ಹೊಲಕ್ಕೆ ಹೋಗದಿರುವುದು ಹೇಗೆ? ಯಾರದು ಏನೆಂದು ತೆರೆದೂ ನೋಡದೆ ಮಾವ ಎಲ್ಲರ ಲಿಂಕನ್ನೂ ಮಳೆಯ ಸುದ್ದಿಯ ಕೆಳಗೆ ಸಾಲಾಗಿ ಕೂರಿಸಿದ. ‘ಇನ್ನೈಕ್ಕಿ ಮಳೈ ಇಲ್ಲೈ’ ಎಂಬ ಒಂದು ಸಾಲು, ಅದರ ಕೆಳಗೆ ನೂರಕ್ಕೂ ಹೆಚ್ಚು ಮುಯ್ಯಾಳುಗಳು.

“ಮಾವ, ಆಯಮ್ಮ ಇದನ್ನ ನೋಡಿದ್ರೆ ಏನು ಅಂದ್ಕೊಳ್ಳಲ್ಲ? ಮಾತ್ರೆ ಲಿಂಕ್ ಅದೆ.”

“ಯಾವ್ ಮಾತ್ರೆ? ಕೆಮ್ಮಿಂದಾ?”

ನಾನು ಏನೆಂದು ಹೇಳಲಿ? ಕೆಮ್ಮಿನದೇ ಎಂದುಬಿಟ್ಟೆ.

ಒಪ್ಪಿಕೊಳ್ಳಬೇಕು, ಸೈಟು ಏರಿತು. ಐದನೇ ಪುಟದಿಂದ ಎರಡನೇ ಪುಟಕ್ಕೆ, ಅಲ್ಲಿಂದ ಮೊದಲ ಪುಟದ ಮೂರನೇ ಸಾಲಿಗೆ. ಮಾವ ಕ್ಷೌರ ಮಾಡಿಸಿಕೊಂಡು ಬಂದ. ಇನ್ನು ಎರಡು ಮೆಟ್ಟಿಲು ಎಂದು ಬೆರಳು ತೋರಿಸುತ್ತಿದ್ದ. ಒಂದು ಸೋಮವಾರ ಬಂದು, ಹೆಡ್‌ಫೋನ್ ಹಾಕಿ, ತಾಳವಾಡಿ ಎಂದು ಹೊಡೆದರೆ ಸೈಟೇ ಇಲ್ಲ! ಎರಡನೇ ಪುಟದಲ್ಲಿಲ್ಲ. ಹತ್ತನೆಯದರಲ್ಲಿಲ್ಲ. ಒಂದೊಂದು ಪುಟಕ್ಕೆ ಒಂದೊಂದು ಟೀ ಹೊತ್ತಿನಂತೆ ಮೂವತ್ತನೇ ಪುಟದವರೆಗೆ ನನ್ನಿಂದ ತೆಗೆಸಿ ನೋಡಿದ. ಮಧ್ಯಾಹ್ನದ ಊಟಕ್ಕೂ ಏಳಲಿಲ್ಲ. ಸಂತೆಯಲ್ಲಿ ಕೈ ತಪ್ಪಿಸಿಕೊಂಡ ಮಗುವನ್ನು ಹುಡುಕುವವರ ಮುಖ ಇರುತ್ತದಲ್ಲ, ಆ ಮುಖ.

ನಾನು ಹುಡುಕುವ ಸೈಟಿನವರನ್ನು ಬಾಯಿಗೆ ಬಂದಂತೆ ಬೈದೆ. ಮಾವ ತಡೆದ.

“ಸುಮ್ಕಿರು. ಫಾಲ್ಟು ಇರೋದು ಮೂರೇ ತಾವು. ನಮ್ ಮನೆ ಒಳ್ಗೆ, ಇಲ್ಲ ದಾರೀಲಿ, ಇಲ್ಲ ಆ ತುದೀಲಿ. ಮೊದ್ಲು ನಮ್ ಮನೆ ನೋಡ್ಕಂಡು ಆಮೇಲೆ ಇನ್ನೊಬ್ರ ಬಯ್ಬೇಕು.”

ಲೈನು ಕೆಟ್ಟಾಗ ಕಂಬದಿಂದ ಕಂಬಕ್ಕೆ ನಡೆದು ತಪಾಸಣೆ ಮಾಡುವ ಹಾಗೆ ಅವನು ತಪಾಸಣೆಗೆ ಇಳಿದ. ಸೈಟು ತೆರೆಯುತ್ತದೆಯೇ? ತೆರೆಯುತ್ತದೆ. ಪುಟಗಳೆಲ್ಲ ಇದ್ದಲ್ಲೇ ಇವೆಯೇ? ಇವೆ. ನಮಗಿಂತ ಚೆನ್ನಾಗಿರುವ ಹೊಸಬರು ಯಾರಾದರೂ ದಾರಿಯಲ್ಲಿ ನುಗ್ಗಿದ್ದಾರೆಯೇ? ಇಲ್ಲ, ಮುಂದಿರುವವರೆಲ್ಲ ಹಳಬರೇ. ಹಾಗಾದರೆ ಆ ತುದಿ. ಎರಡು ದಿನ ಹುಡುಕಿದ ಮೇಲೆ ವಿಷಯ ತಿಳಿಯಿತು. ಹುಡುಕುವ ಸೈಟಿನವರು ನಿಯಮ ಬಿಗಿ ಮಾಡಿದ್ದರು. ಸ್ಥಾನ ಏರಿಸಿಕೊಳ್ಳಲೆಂದೇ ‘ನನ್ನದು ನೀನು ಹಾಕು, ನಿನ್ನದು ನಾನು ಹಾಕುತ್ತೇನೆ’ ಎಂದು ಲಿಂಕ್ ಬದಲಿಸಿಕೊಳ್ಳುವವರನ್ನೆಲ್ಲ ಕೆಳಕ್ಕೆ ತಳ್ಳುತ್ತಿದ್ದರು. ಓದಿ ಮೆಚ್ಚಿದವರು ತಾವಾಗಿ ಕೊಟ್ಟ ಲಿಂಕಿಗೆ ಮಾತ್ರ ಬೆಲೆ. ಪರೀಕ್ಷಿಸಿ ನೋಡಿದರೆ ಎಣ್ಣೆಯವರೂ ಇಲ್ಲ, ಇಸ್ಪೀಟಿನವರೂ ಇಲ್ಲ, ನಮ್ಮ ಮುಯ್ಯಾಳುಗಳೆಲ್ಲ ಒಟ್ಟಿಗೇ ಮುಳುಗಿದ್ದರು. ಓದಿ ಹೇಳಿದೆ.

“ಮುಯ್ಯಿ ತಪ್ಪಾ?” ಮಾವ ಕೆರಳಿದ. “ನಮ್ಮಪ್ಪನ ಕಾಲ್ದಿಂದ ಮಾಡ್ಕಂಡ್ ಬಂದಿರೋದು ಮೋಸ್ವಾ?”

ಹೆಡ್‌ಫೋನ್ ಕಿತ್ತಿಟ್ಟು ಹೊರಟುಹೋದ. ಮೂರು ದಿನ ಬರಲಿಲ್ಲ. ಮೂರು ದಿನ ತಾಳವಾಡಿಯಲ್ಲಿ ಮಳೆ ಇದೆಯೋ ಇಲ್ಲವೋ ಜಗತ್ತಿಗೆ ತಿಳಿಯಲಿಲ್ಲ! ನಾಲ್ಕನೇ ದಿನ ಬಂದಾಗ ಅವನ ಕೈಯ ತುಂಬ ಮಣ್ಣಿತ್ತು. ಪಕ್ಕದ ಬೀದಿಯವರ ಅರಿಶಿನದ ಹೊಲಕ್ಕೆ ಮುಯ್ಯಾಳಾಗಿ ಹೋಗಿದ್ದನಂತೆ.

“ಅವ್ರು ಮಾಡಿದ್ದು ಸರಿ ಕಣವ್ವಾ,” ಎಂದ. “ಮುಯ್ಯಾಳು ಬಂದ್ರೆ ಒಲದಲ್ಲಿ ಕಳೆ ಓಗ್ಬೇಕು. ಇವ್ರು ನೂರು ಜನ ಬಂದ್ರಲ್ಲ, ಒಂದು ಕಡ್ಡೀನಾದ್ರೂ ಕಿತ್ರಾ? ಬರೀ ಬದೀನ ಮ್ಯಾಲೆ ಕುಂತು ಎಸ್ರು ಬರ್ಸ್ಕಂಡ್ರು. ನಾನೂ ಅವ್ರ ಒಲ್ದಲ್ಲಿ ಅದೇ ಮಾಡ್ದಿ. ಇದು ಮುಯ್ಯಲ್ಲ, ನಾಟ್ಕ.”

ಅಳಿಸಿಬಿಡೋಣ ಮಾವ, ಒಂದೇ ಏಟಿಗೆ ಎಲ್ಲ ಹೋಗುತ್ತದೆ ಎಂದೆ. ಉಂಟೇ? ಹೇಳದೆ ಕೇಳದೆ ಲೈನ್ ಕತ್ತರಿಸುವುದು ಆಪರೇಟರನ ಧರ್ಮವಲ್ಲ. ಒಬ್ಬೊಬ್ಬರಿಗೂ ಪತ್ರ ಬರೆದ: ‘ಸ್ವಾಮಿ, ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ನೀವು ನಮ್ಮ ಹೊಲದಿಂದ ಎದ್ದೇಳಿ, ನಾನೂ ನಿಮ್ಮ ಹೊಲದಿಂದ ಎದ್ದೇಳುತ್ತೇನೆ. ತಪ್ಪಾಗಿದ್ದರೆ ಕ್ಷಮಿಸಿ.’ ಹದಿನೈದು ದಿನ ಬರೆದ, ಬರೆದ ಮೇಲೆ ಒಂದೊಂದೇ ಲಿಂಕ್ ತೆಗೆದ. ನೂರಕ್ಕೂ ಹೆಚ್ಚು ಪತ್ರಗಳಿಗೆ ಬಂದ ಉತ್ತರ ಒಂದೇ, ಮಾತ್ರೆಯವರದು. ‘ನಿಮ್ಮ ಬೇಸರ ನಮಗೆ ಅರ್ಥವಾಗುತ್ತದೆ, ಮೊದಲ ಡಬ್ಬಿ ಉಚಿತವಾಗಿ ಕಳಿಸುತ್ತೇವೆ!’

ಆ ದಿನಗಳಲ್ಲೇ ಎಲ್ಲಿಂದಲೋ ಒಂದು ಕಂಪನಿಯ ಇ-ಮೇಲ್ ಬಂತು. ಹದಿನೈದು ದಿನದಲ್ಲಿ ಮೊದಲ ಸ್ಥಾನ ಖಾತ್ರಿ ಎಂದಿದ್ದರು. ನನಗೆ ಆಸೆಯಾಯಿತು. ಮಾವ ಉತ್ತರ ಹೊಡೆಸಿದ: ‘ಹದಿನೈದು ದಿನ ಮುಂದಿನದು ನಿಮಗೆ ಖಾತ್ರಿಯಾಗಿ ಗೊತ್ತಿದ್ದರೆ, ಅವತ್ತು ತಾಳವಾಡಿಯಲ್ಲಿ ಮಳೆ ಬರುತ್ತದೆಯೇ ತಿಳಿಸಿ.’ ಅವರು ತಿಳಿಸಲಿಲ್ಲ.

ಇನ್ನೊಂದು ಉಪಾಯ ನನ್ನದೇ. ಪುಟದ ಬಿಳಿ ಹಿನ್ನೆಲೆಯ ಮೇಲೆ ಬಿಳಿ ಅಕ್ಷರದಲ್ಲಿ ತಾಳವಾಡಿ ತಾಳವಾಡಿ ಎಂದು ಇನ್ನೂರು ಸಲ ಬರೆದುಬಿಡೋಣ, ಓದುವವರ ಕಣ್ಣಿಗೆ ಕಾಣುವುದಿಲ್ಲ, ಹುಡುಕುವ ಯಂತ್ರಕ್ಕೆ ಮಾತ್ರ ಕಾಣುತ್ತದೆ, ಎಲ್ಲರೂ ಮಾಡುತ್ತಾರೆ ಎಂದೆ. ಮಾವ ನನ್ನನ್ನೇ ನೋಡಿದ.

“ಲೈನು ಸಿಕ್ಕದೆ ಸಿಕ್ತು ಅಂತ ಒಂದಿನಾನೂ ಏಳಿಲ್ಲ ಕಣವ್ವಾ ನಾನು. ಬಿಳೀ ಅಕ್ಸರದ ಕೆಲ್ಸ ನಂಗೆ ಬ್ಯಾಡ.”

ಹಾಗಾದರೆ ಏನು ಮಾಡುವುದು? ಮೆಚ್ಚಿ ತಾವಾಗಿ ಲಿಂಕ್ ಕೊಡುವವರನ್ನು ಎಲ್ಲಿಂದ ತರುವುದು? ತಾಳವಾಡಿಯಲ್ಲಿ ಮಳೆ ಇಲ್ಲ ಎಂಬುದನ್ನು ಮೆಚ್ಚುವವರು ಯಾರು? ಮಾವ ಒಂದು ಸಣ್ಣ ಪುಸ್ತಕ ಜೇಬಿಗಿಟ್ಟುಕೊಂಡು ಬಸ್ಸು ಹತ್ತಿ ಘಾಟಿಯ ನೆತ್ತಿಯಲ್ಲಿರುವ ದಿಂಬಂಗೆ ಹೋದ. ಇಪ್ಪತ್ತೇಳು ತಿರುವು ಹತ್ತಿ ಬಂದ ಲಾರಿಗಳು ಅಲ್ಲಿ ಉಸಿರು ಬಿಡುತ್ತವೆ. ಟೀ ಅಂಗಡಿಯ ಬೆಂಚಿನ ಮೇಲೆ ಕುಳಿತು ಡ್ರೈವರುಗಳನ್ನು ಕೇಳಿದ: ಘಾಟಿ ಹತ್ತುವ ಮುಂಚೆ ನಿಮಗೆ ಏನು ಗೊತ್ತಿದ್ದರೆ ಅನುಕೂಲ? ಒಬ್ಬ ಮಂಜು ಎಂದ. ಒಬ್ಬ ಯಾವ ತಿರುವಿನಲ್ಲಿ ಲಾರಿ ಸಿಕ್ಕಿಕೊಂಡಿದೆ ಎಂದು ಗೊತ್ತಿದ್ದರೆ ಸಾಕು ಎಂದ. ಒಬ್ಬ ಆನೆ ಎಂದ. ಕೋಸು, ಟೊಮೆಟೊ ಕೊಳ್ಳುವ ಕೆಳಗಿನ ವ್ಯಾಪಾರಿಗಳಿಗೆ ನಮ್ಮಲ್ಲಿ ಮಳೆ ಬಿದ್ದಿದೆಯೇ ಎಂಬುದೇ ಮುಖ್ಯ ಎಂದು ಇನ್ನೊಬ್ಬ ಹೇಳಿದಾಗ ಮಾವನಿಗೆ ಕಣ್ಣು ತುಂಬಿತಂತೆ. ಅಂತೂ ತನ್ನ ಮಳೆಯ ಸುದ್ದಿ ಕೇಳುವವರು ಸಿಕ್ಕಿದರು!

ಅಲ್ಲಿಂದ ಬೆಳಿಗ್ಗೆ ಎಂಟಕ್ಕೆ ಟೀ ಅಂಗಡಿಯವನಿಗೆ ಫೋನು. ಮಂಜು ಎಷ್ಟು, ಲಾರಿ ಎಲ್ಲಿ ನಿಂತಿದೆ, ಆನೆ ಕಂಡವರುಂಟೇ. ಮೂರು ನಿಮಿಷದೊಳಗೆ ಎಲ್ಲ ಕೇಳಿ, ಎಂಟೂವರೆಗೆ ಬಂದು ಬರೆಯುತ್ತಿದ್ದ. ಗೊತ್ತಿಲ್ಲದ್ದನ್ನು ‘ಗೊತ್ತಿಲ್ಲ’ ಎಂದೇ ಬರೆಯುತ್ತಿದ್ದ. ಗುಮಟಾಪುರದವರು ದೀಪಾವಳಿ ಮುಗಿದ ಮೇಲೆ ಸಗಣಿ ಎರಚಾಡುವ ಹಬ್ಬದ ದಿನ ಬಸ್ಸು ಎಷ್ಟು ಹೊತ್ತಿಗೆ, ಯಾವ ಬಟ್ಟೆ ಹಾಕಿಕೊಂಡು ಬರಬಾರದು ಎಂಬುದನ್ನೂ ಬರೆದ. ಯಾರಿಗೂ ಮುಯ್ಯಿ ಕೇಳಲಿಲ್ಲ. ಆರು ತಿಂಗಳಲ್ಲಿ ಲಾರಿ ಬುಕಿಂಗಿನವರೊಬ್ಬರು ತಮ್ಮ ಸೈಟಿನಲ್ಲಿ ಇವನ ಲಿಂಕ್ ಹಾಕಿದರು. ಆಮೇಲೆ ತರಕಾರಿ ವ್ಯಾಪಾರಿಗಳು, ಬೆಟ್ಟ ನೋಡಲು ಬಂದು ಹೋದವರು, ಒಬ್ಬ ಮೇಷ್ಟ್ರು. ಇಪ್ಪತ್ತನೇ ಪುಟದಲ್ಲಿ ಕಂಡ ಸೈಟು ಎಂಟಕ್ಕೆ ಬಂತು, ಮೂರಕ್ಕೆ ಬಂತು. ಒಂದೂವರೆ ವರ್ಷವಾದ ಮೇಲೆ ಒಂದು ಬೆಳಿಗ್ಗೆ ತಾಳವಾಡಿ ಎಂದು ಹೊಡೆದರೆ ಎಲ್ಲರಿಗಿಂತ ಮೇಲೆ, ಮೊದಲ ಸಾಲಿನಲ್ಲಿ ನಮ್ಮ ಮಾವ!

ನಾನು ಕೂಗಿಕೊಂಡೆ. ಅವನು ಕೂಗಲಿಲ್ಲ. ಮನೆಗೆ ಹೋಗಿ ಬಿಳಿ ಅಂಗಿ ಹಾಕಿಕೊಂಡು ಬಂದು, ತಲೆ ಬಾಚಿ, ಸೈಟಿನ ಗೆಸ್ಟ್‌ಬುಕ್ ತೆರೆದಿಟ್ಟುಕೊಂಡು ಕುಳಿತ. ಬಂದವರು ಏನಾದರೂ ಬರೆದು ಹೋಗಲಿ ಎಂದು ಇಟ್ಟಿದ್ದ ಪುಟ ಅದು. ಮಧ್ಯಾಹ್ನ ಒಂದು ಬರಹ ಬಂತು: ‘ಅಣ್ಣಾ, ದಿಂಬಂನಲ್ಲಿ ವಡೆ ಎಷ್ಟು ಹೊತ್ತಿಗೆ ಬಿಸಿ ಇರುತ್ತದೆ?’ ಮಾವ ಟೀ ಅಂಗಡಿಗೆ ಫೋನ್ ಮಾಡಿ ವಿಚಾರಿಸಿ ಉತ್ತರ ಬರೆದ. ಮರುದಿನವೂ ಬಿಳಿ ಅಂಗಿ. ಅದರ ಮರುದಿನವೂ. ಮಂಜಿನ ಬಗ್ಗೆ ಕೇಳುವವರು ಬಂದರು, ಆನೆಯ ಫೋಟೋ ಕೇಳುವವರು ಬಂದರು. ನಾಲ್ಕು ತಿಂಗಳು ಕಳೆಯಿತು. ಮೊದಲ ಸಾಲಿನಲ್ಲಿ ಇದ್ದೂ ಯಾರಿಗೂ ಸಿಗದೆ ಕುಳಿತಿರುವುದು ಮೂವತ್ತನೇ ಪುಟದಾಚೆ ಕಳೆದುಹೋಗುವುದಕ್ಕಿಂತ ಕಷ್ಟ ಎಂದು ಅವನ ಬೆನ್ನು ನೋಡುತ್ತ ನನಗೆ ತಿಳಿಯಿತು. ಆಮೇಲಾಮೇಲೆ ಬಿಳಿ ಅಂಗಿ ನಿಂತಿತು. ಹೆಡ್‌ಫೋನ್ ಹಾಕಿಕೊಳ್ಳುವುದು ಮರೆಯತೊಡಗಿದ.

ನನಗೆ ನೋಡಲಾಗಲಿಲ್ಲ. ಒಂದು ಬೆಳಿಗ್ಗೆ ಅವನು ಬರುವುದಕ್ಕೆ ಮುಂಚೆ ಗೆಸ್ಟ್‌ಬುಕ್ಕಿನಲ್ಲಿ ನಾನೇ ಹೊಡೆದೆ: ‘ಸತ್ಯಮಂಗಲ ಪೇಸುರೇನ್. ತಾಳವಾಡಿ, ಅಂಗ ಮಳೈಯಾ?’ ಸತ್ಯಮಂಗಲದಿಂದ ಮಾತಾಡುತ್ತಿದ್ದೇನೆ ಎಂದು. ಮಾವ ಬಂದ, ಓದಿದ. ಇನ್ನೊಮ್ಮೆ ಓದಿದ. ನಾನು ಟೈಪ್‌ರೈಟರಿಗೆ ರಿಬ್ಬನ್ ಹಾಕುವವಳಂತೆ ತಲೆ ಬಗ್ಗಿಸಿ ಕುಳಿತಿದ್ದೆ.

“ಮೊಗ, ಒಸಿ ಕಿಟಕಿ ತೆಗ್ದು ನೋಡು.”

ನೋಡಿದೆ. ಹೊರಗೆ ಜೋರು ಮಳೆ!

“ಇಲ್ಲೇ ಕುಂತು ನನ್ನ ಯಾಕೆ ಕೇಳೀಯೆ?” ಎಂದ. ಕೋಪವಿರಲಿಲ್ಲ. “ಆಯಮ್ಮ ಒಂದಿನಾನೂ ಸತ್ಯಮಂಗಲದಿಂದ ಅಂತ ಏಳಿಲ್ಲ ಕಣವ್ವಾ. ಏಳೋ ಅವಶ್ಯಕತೆ ಇರ್ನಿಲ್ಲ. ಎತ್ತುತ್ಲೂ ಗೊತ್ತಾಗೋದು.”

ಆ ಬರಹವನ್ನು ಅಳಿಸಿದ. ನಾನು ಅಳತೊಡಗಿದೆ. ಅವನು ನನ್ನ ತಲೆಯ ಮೇಲೆ ಕೈಯಿಟ್ಟು, “ನಿನ್ ಮನ್ಸು ಒಳ್ಳೇದು. ಆದ್ರೆ ಇದು ಬಿಳೀ ಅಕ್ಸರ ಕಣವ್ವಾ” ಎಂದ. ಆಮೇಲೆ ಕುಳಿತು, ಇವತ್ತು ಮಳೆ ಇದೆ ಎಂದು ಬರೆದ.

ಮಾರನೆಯ ವರ್ಷ ನನ್ನ ಮದುವೆಯಾಯಿತು. ಇನ್‌ಸ್ಟಿಟ್ಯೂಟಿನ ಬೀಗದ ಕೈ ಮಾವನಿಗೆ ಕೊಟ್ಟು ಹೊರಟೆ. ಗಂಡನಿಗೆ ರೈಲ್ವೆಯಲ್ಲಿ ಗಾರ್ಡ್ ಕೆಲಸ, ಹುಬ್ಬಳ್ಳಿಯಲ್ಲಿ ಮನೆ. ಗೂಡ್ಸ್ ಹತ್ತಿ ಹೋದರೆ ಎರಡು ದಿನಕ್ಕೆ ಬರುವವರು. ಪಕ್ಕದ ಮನೆಯವರ ಹತ್ತಿರ “ಒಸಿ ಉಪ್ಪು ಇದ್ರೆ ಕೊಡಿ” ಎಂದೆ. “ನೀವು ತಮಿಳ್ರೇನ್ರೀ?” ಎಂದರು. ತಮಿಳುನಾಡಿನಲ್ಲಿ ಇದ್ದಷ್ಟು ದಿನ ಕನ್ನಡದವಳು ಎನಿಸಿಕೊಂಡು, ಕನ್ನಡದ ನಾಡಿಗೆ ಬಂದು ತಮಿಳಿನವಳಾದೆ! ಮಾತಾಡಿದರೆ ನಗುತ್ತಾರೆಂದು ಮಾತು ಕಡಿಮೆ ಮಾಡಿದೆ. ಊರಿಗೆ ಫೋನ್ ಮಾಡಿದರೆ ಅವ್ವ ಅಳುತ್ತಿದ್ದಳು, ಮಾವನಿಗೆ ಕೊಟ್ಟರೆ “ಚೆನ್ನಾಗಿದ್ದೀಯ? ಸರಿ” ಎಂದು, ಮೂರು ನಿಮಿಷವೆಲ್ಲಿ, ಅರ್ಧ ನಿಮಿಷಕ್ಕೇ ಇಟ್ಟುಬಿಡುತ್ತಿದ್ದ. ಇಟ್ಟ ಮೇಲೂ ಕಿವಿಗೆ ಹಿಡಿದುಕೊಂಡೇ ನಿಲ್ಲುತ್ತಿದ್ದೆ. ಮನೆಯೊಳಗೆ ಗಡಿಯಾರ ಬಿಟ್ಟರೆ ಬೇರೆ ಸದ್ದಿಲ್ಲ.

ಒಂದು ಬೆಳಿಗ್ಗೆ ತಡೆಯಲಾಗದೆ ರಸ್ತೆಯಾಚೆಯ ಬ್ರೌಸಿಂಗ್ ಸೆಂಟರಿಗೆ ಹೋಗಿ ಕುಳಿತೆ. ಏನು ಮಾಡಬೇಕೆಂದು ತೋಚಲಿಲ್ಲ. ಬೆರಳು ತಾನಾಗಿ ಒಂದೇ ಪದ ಹೊಡೆಯಿತು: ತಾಳವಾಡಿ. ಮೊದಲ ಸಾಲಿನಲ್ಲಿ ಮಾವ ಇದ್ದ. ‘ಇನ್ನೈಕ್ಕಿ ಮಳೈ ಇಲ್ಲೈ. ದಿಂಬಂನಲ್ಲಿ ಮಂಜು. ಒಂಬತ್ತನೇ ತಿರುವಿನಲ್ಲಿ ಲಾರಿ ನಿಂತಿದೆ.’ ಎಲ್ಲ ಅವನ ತಮಿಳಿನಲ್ಲಿ, ಅಷ್ಟೇ ಸುದ್ದಿ. ಜಗತ್ತಿನಲ್ಲಿ ಒಬ್ಬರಿಗೂ ಬೇಡ ಎಂದು ನಾನು ನಗುತ್ತಿದ್ದ ಆ ಸಾಲನ್ನು ಎಷ್ಟು ಸಲ ಓದಿದೆನೋ! ಕೊನೆಯ ದಿನ ಆಕೆ ಯಾಕೆ ಕೇಳಿದರೆಂದು ಆಗ ಅರ್ಥವಾಯಿತು. ಮಳೆಯ ಗೊಡವೆ ಯಾರಿಗೆ ಬೇಕು? ಆ ಕಡೆಯಿಂದ ಒಂದು ದನಿ ಉತ್ತರ ಕೊಡಬೇಕು, ಅಷ್ಟೇ.

ಗೆಸ್ಟ್‌ಬುಕ್ ತೆರೆದೆ. ಈ ಸಲ ನನ್ನ ಹೆಸರನ್ನೇ ಹಾಕಿ, ಕನ್ನಡದಲ್ಲಿ ಬರೆದೆ: ‘ಮಾವ, ಅಲ್ಲಿ ಮಳೆಯಾ?’

ಮಾರನೆಯ ಬೆಳಿಗ್ಗೆ ಎಂಟೂವರೆಗೆ ಹೋಗಿ ನೋಡಿದೆ. ಅಷ್ಟು ವರ್ಷ ತಮಿಳಿನಲ್ಲೇ ಇದ್ದ ಮಳೆಯ ಸಾಲಿನ ಜಾಗದಲ್ಲಿ ಮೊದಲ ಸಲ ಕನ್ನಡವಿತ್ತು, ಇಂಗ್ಲಿಷ್ ಅಕ್ಷರದಲ್ಲಿ, ಅವನು ಆಡುವ ಹಾಗೆಯೇ:

‘ಮಳೆ ಇಲ್ಲ ಕಣವ್ವಾ. ಲೈನ್ ಸಿಕ್ತು, ಮಾತಾಡು.’